ಕೋಡಿ ಬಿದ್ದ ದಿನದ ಹಾಜರಿ

ನಮ್ಮ ಹಳ್ಳಿಗೂ ಪುರವರದ ಸ್ಕೂಲಿಗೂ ನಡುವೆ ಇದ್ದದ್ದು ಒಂದು ಕೆರೆ. ಏರಿಯ ಮೇಲೆ ನಡೆದು, ಕೊನೆಯಲ್ಲಿ ಕೋಡಿ ಹಳ್ಳ ದಾಟಿದರೆ ಸ್ಕೂಲಿನ ಹೆಂಚು ಕಾಣುತ್ತಿತ್ತು. ಕೆರೆ ತುಂಬಿ ಮಿಕ್ಕ ನೀರು ಹೊರಗೆ ಹರಿಯುವ ಜಾಗವೇ ಕೋಡಿ. ಬೇಸಿಗೆಯಲ್ಲಿ ಅಲ್ಲಿ ಮರಳು, ಹಾಸುಬಂಡೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕುಂಟಾಬಿಲ್ಲೆ ಆಡಿಕೊಂಡೇ ದಾಟಿಬಿಡುತ್ತಿದ್ದೆವು. ಮಳೆ ಚೆನ್ನಾಗಿ ಹಿಡಿದ ವರ್ಷ ಕೋಡಿ ಬೀಳುತ್ತಿತ್ತು. ಕೋಡಿ ಬಿತ್ತು ಅಂದರೆ ಊರಿಗೆಲ್ಲ ಹಬ್ಬ. ಹೆಂಗಸರು ಅರಿಶಿನ ಕುಂಕುಮ ತಂದು ಗಂಗಮ್ಮನ ಪೂಜೆ ಮಾಡಿ, ನೀರಿಗೆ ಹೊಸ ಸೀರೆ ಬಿಡುತ್ತಿದ್ದರು. ನನಗೆ ಮಾತ್ರ ಅಳು ಬರುತ್ತಿತ್ತು. ಗಂಡು ಹುಡುಗರನ್ನು ಅವರವರ ಅಪ್ಪಂದಿರು ಹೆಗಲ ಮೇಲೆ ಕೂರಿಸಿಕೊಂಡು ಆಚೆ ದಡ ಮುಟ್ಟಿಸುತ್ತಿದ್ದರು. ಹೆಣ್ಣುಮಕ್ಕಳು ನೀರು ಇಳಿಯುವ ತನಕ ಮನೆಯಲ್ಲಿ ಸಗಣಿ ತಟ್ಟಿಕೊಂಡು ಕೂರಬೇಕಾಗಿತ್ತು.

ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಅಪ್ಪ ಮಧುಗಿರಿಯ ಕಚೇರಿಯಲ್ಲಿ ಅಮಲ್ದಾರರ ಎದುರು ನಿಂತು ಮಾತಾಡಿ ಬಂದವನು. ಅಜ್ಜಿಯ ಎದುರು ಮಾತ್ರ ಬಾಯಿಗೆ ಬೀಗ. ನನ್ನನ್ನು ಸ್ಕೂಲಿಗೆ ಹಾಕಿದ್ದೂ ಅಜ್ಜಿಯೇ, ಬಿಡಿಸುತ್ತೇನೆ ಎಂದು ದಿನಾ ಹೆದರಿಸುತ್ತಿದ್ದವಳೂ ಅವಳೇ.

"ಲಂಗ ನೆನೆಸ್ಕೊಂಡು ಬಂದೀಯಾ, ನೋಡು, ಅವತ್ತಿಗೆ ನಿನ್ನ ಇಸ್ಕೂಲು ಮುಗೀತು ಕಣೇ. ಹೋದ ಸಲ ಕರೂನೇ ಎಳ್ಕೊಂಡೋಯ್ತು ಆ ನೀರು. ನೀನ್ಯಾವ ಲೆಕ್ಕ?"

ಆ ಮಾತು ಕೇಳಿದಾಗಲೆಲ್ಲ ನನಗೆ ಅಜ್ಜಿಯ ಮೇಲೆ ಉರಿದುಹೋಗುತ್ತಿತ್ತು. ಅದು ಅವಳಿಗೇ ಇದ್ದ ಹೆದರಿಕೆ ಆಡಿಸಿದ ಮಾತು ಅನ್ನುವುದು ಆ ವಯಸ್ಸಿಗೆ ಎಲ್ಲಿ ಹೊಳೆಯಬೇಕು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿಗೆ ಹೊಸ ಮೇಷ್ಟ್ರು ಬಂದರು. ಪಾವಗಡದಿಂದಲೂ ಆಚೆಯವರು, ಮನೆಮಾತು ತೆಲುಗು. ಪುಸ್ತಕದ ಕನ್ನಡವನ್ನು ನಮಗಿಂತ ಅಚ್ಚುಕಟ್ಟಾಗಿ ಆಡುತ್ತಿದ್ದರು. ನಮ್ಮ ಬೀದಿಯ ಕನ್ನಡ ಅವರಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅವರಿಗೊಂದು ಸೈಕಲ್ ಇತ್ತು. ನಮ್ಮ ದಾರಿಗಳು ಎಂಥವೆಂದರೆ, ಸೈಕಲ್ಲು ಅವರನ್ನು ಹೊತ್ತಿದ್ದಕ್ಕಿಂತ ಅವರು ಸೈಕಲ್ಲನ್ನು ಹೊತ್ತದ್ದೇ ಹೆಚ್ಚು.

ಆ ವರ್ಷ ಮಳೆ ಜೋರಾಗಿಯೇ ಬಂತು. ಕೋಡಿ ಬಿತ್ತು, ನಾವು ಹೆಣ್ಣುಮಕ್ಕಳು ಮನೆಯಲ್ಲಿ ಕೂತೆವು. ಹಳ್ಳದ ನೀರು ಪಾದಕ್ಕಿಳಿದ ಮೇಲೆ ಲಂಗ ಎತ್ತಿ ಕಟ್ಟಿಕೊಂಡು ಸ್ಕೂಲಿಗೆ ಹೋದರೆ, ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

"ಇಷ್ಟು ದಿನ ಯಾಕೆ ಬರಲಿಲ್ಲ?"

"ಕೋಡಿ ಬಿದ್ದಿತ್ತು ಸಾ," ಎಂದೆ.

"ಎಲ್ಲಿ ಬಿತ್ತು?"

"ಕೆರೇಲಿ ಸಾ."

"ಬಿದ್ದರೆ ಎತ್ತಬೇಕು. ಒಂದು ಕೋಡಿ ಬಿದ್ದಿದ್ದಕ್ಕೆ ಹಳ್ಳಿಯ ಹೆಣ್ಣುಮಕ್ಕಳೆಲ್ಲ ಮನೆಯಲ್ಲಿ ಕೂತಿರಾ?"

"ಎತ್ತಕ್ಕಾಗಲ್ಲ ಸಾ. ಬಿದ್ರೆ ನಮ್ಮಜ್ಜಿ ಎಲ್ಲಾ ಸೇರಿ ಪೂಜೆ ಮಾಡ್ತಾರೆ. ಸೀರೆನೂ ಬಿಡ್ತಾರೆ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. "ಕೋಡಿಗೆ ಸೀರೆ?" ಎಂದು ಕೇಳಿದರು. ಹೌದು ಎಂದೆ. ತಮ್ಮನ್ನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡು ನನ್ನನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಸುಳ್ಳು ಹೇಳಿ ನಿಂತಿದ್ದರೆ ಬೇಜಾರಿರಲಿಲ್ಲ. ನಿಜ ಹೇಳಿ ನಿಂತದ್ದು ನನಗೆ ತಡೆಯಲಾರದಷ್ಟು ಸಿಟ್ಟು ತರಿಸಿತು. ಕೊನೆಗೆ ಬೆಂಚಿನ ಮೇಲಿಂದಲೇ, "ಬೇಕಾದ್ರೆ ಬಂದು ನಮ್ಮಜ್ಜೀನ ಕೇಳಿ ಸಾ," ಅಂದುಬಿಟ್ಟೆ. ಸಾಯಂಕಾಲ ಮೇಷ್ಟ್ರು ನಿಜವಾಗಿಯೂ ಸೈಕಲ್ ತಳ್ಳಿಕೊಂಡು ನಮ್ಮ ಜೊತೆ ಹೊರಟರು.

ಮಧ್ಯಾಹ್ನ ಮೇಲಣ ಕೆರೆಗಳ ಕಡೆ ಮಳೆಯಾಗಿತ್ತೆಂದು ಕಾಣುತ್ತದೆ. ಹಳ್ಳ ಮತ್ತೆ ಮೊಣಕಾಲಿಗೆ ಬಂದಿತ್ತು. ಆಚೆ ದಡದಲ್ಲಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಾವು ನಿಂತೆವು, ಮೇಷ್ಟ್ರು ನಿಲ್ಲಲಿಲ್ಲ. ಪಂಚೆ ಎತ್ತಿ ಕಟ್ಟಿ, ಸೈಕಲ್ಲಿನ ಸಮೇತ ನೀರಿಗಿಳಿದರು. ಹಾಸುಬಂಡೆಯ ಪಾಚಿಯ ಮೇಲೆ ಕಾಲಿಟ್ಟಿದ್ದೇ ತಡ, ಜಾರಿ ದೊಪ್ಪನೆ ಕೂತರು. ಸೈಕಲ್ಲು ಒಂದು ಕಡೆ, ಟೋಪಿ ಒಂದು ಕಡೆ. ಹುಡುಗರನ್ನು ದಾಟಿಸಲು ಬಂದಿದ್ದ ಅಪ್ಪಂದಿರು ಅವರನ್ನು ಎತ್ತಿ ನಿಲ್ಲಿಸಿ, ಅವತ್ತು ಹೆಣ್ಣುಮಕ್ಕಳನ್ನೂ ಸೇರಿಸಿ ನಮ್ಮನ್ನೆಲ್ಲ ಹೊತ್ತು ದಾಟಿಸಿದರು.

ಅಜ್ಜಿ ಅವರಿಗೆ ತಾತನ ಒಣ ಪಂಚೆ ಕೊಟ್ಟು, ಒಲೆಯ ಮುಂದೆ ಕೂರಿಸಿ, ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಅಲ್ಲಿ ವಿಷಯ ಹೊರಬಿತ್ತು.

"ನಮ್ಮ ಕಡೆ ಕೋಡಿ ಅಂದರೆ ಕೋಳಿ ಕಣಮ್ಮಾ," ಎಂದರು ಮೇಷ್ಟ್ರು. "ನಿಮ್ಮ ಈ ಕೆರೆ ಕೋಡಿಗೆ ಮರವ ಅಂತೀವಿ. ಆ ಮಾತೂ ನಾನು ಕೇಳಿದ್ದು ಅಷ್ಟೇ. ನಾನು ಹುಟ್ಟಿದ ಮೇಲೆ ನಮ್ಮೂರ ಕೆರೆ ತುಂಬಿದ್ದೇ ಕಾಣೆ."

ಬಿದ್ದ ಕೋಳಿಗೆ ನಾವು ಸೀರೆ ಉಡಿಸುವವರು ಅಂದುಕೊಂಡಿದ್ದರಂತೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಮೇಷ್ಟ್ರು ನನ್ನ ಕಡೆ ತಿರುಗಿ, "ಬೆಂಚು ಹತ್ತಿಸಿದ್ದು ತಪ್ಪಾಯಿತಮ್ಮ," ಎಂದರು. ದೊಡ್ಡವರು ನನ್ನಂಥ ಚಿಕ್ಕವಳಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ತುಂಬ ಸಂತೋಷವಾಯಿತು.

ಆದರೆ ಅಜ್ಜಿ ನಗು ಮುಗಿಸಿ ಸುಮ್ಮನಾಗುವವಳಲ್ಲ. "ನಿಮ್ಮಂಥೋರೇ ಬಿದ್ಬುಟ್ರಿ. ಇವಳ್ನ ಹೆಂಗೆ ಕಳಿಸ್ಲಿ ಹೇಳಿ? ಬರೋ ವರ್ಷ ಕೋಡಿ ಬೀಳೋದ್ರೊಳಗೆ ಲಂಗ ನೆನೀದಂಗೆ ದಾಟೋ ದಾರಿ ಆದ್ರೆ ಓದ್ಲಿ. ಆಗ್ದಿದ್ರೆ ಬೇಡ. ಅಷ್ಟೇಯ."

ನಾನು ಕಂಬ ಹಿಡಿದುಕೊಂಡು ಮೇಷ್ಟ್ರ ಮುಖ ನೋಡಿದೆ. ಅವರು ಮುದ್ದೆ ಮುರಿಯುತ್ತಾ, ಆಗಲಿ ಎಂದರು.

ಬೇಸಿಗೆಗೆ ಹಳ್ಳ ಒಣಗಿತು. ಆಗ ಮಧುಗಿರಿ ರಸ್ತೆಗೆ ಜಲ್ಲಿ ಒಡೆಯುವ ತೆಲುಗಿನವರು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನಮ್ಮವರು ಅವರ ಹತ್ತಿರ ಕೈಸನ್ನೆಯಲ್ಲೇ ಎರಡು ಮಾತಾಡಿ ಬರುತ್ತಿದ್ದರು. ಮೇಷ್ಟ್ರು ಹೋಗಿ ಅವರ ಒಲೆಯ ಪಕ್ಕ ಕೂತು ತೆಲುಗಿನಲ್ಲಿ ಊರು ಕೇರಿ ವಿಚಾರಿಸಿದರು. ನನ್ನನ್ನು ಬೆಂಚು ಹತ್ತಿಸಿದ ಅದೇ ತೆಲುಗೇ ನಮಗೆ ಕಲ್ಲು ತಂದುಕೊಟ್ಟಿತು. ಹಳ್ಳದಲ್ಲಿ ಕಾಲಿಟ್ಟು ದಾಟುವ ಕಲ್ಲುಗಳನ್ನು ಅವರು ಸೀಳಿ ನೆಟ್ಟುಕೊಡುವುದು, ಊರಿನವರು ಗಾಡಿ ಹೂಡಿ ಸಾಗಿಸುವುದು, ಕೆಲಸ ಮುಗಿಯುವ ತನಕ ಮನೆ ಮನೆಯಿಂದ ಅವರಿಗೆ ಊಟ ಎಂದು ಮಾತಾಯಿತು.

ಕೆರೆಯ ನೀರು ಬಿಡುವ ನೀರಗಂಟಿ ಮೊದಲು ಒಪ್ಪಲಿಲ್ಲ. "ಕೋಡಿಗೆ ಕಲ್ಲು ಅಡ್ಡ ಇಟ್ರೆ ನೀರು ಹಿಂದಕ್ಕೆ ನಿಂತು ಏರಿ ಒಡ್ದೋಯ್ತದೆ," ಎಂದು ಹಟ ಹಿಡಿದ. ಅವನ ಭಯ ಸುಳ್ಳಲ್ಲ. ಕೋಡಿಯ ಬಾಯಲ್ಲಿ ಬೇಡ, ಕೆಳಗೆ ಹಳ್ಳ ಅಗಲವಾದ ಕಡೆ ಬಿಡಿ ಬಿಡಿಯಾಗಿ ಕಲ್ಲು ನೆಡೋಣ, ನೀರು ಸಂದಿಯಲ್ಲಿ ಹರಿದು ಹೋಗಲಿ ಎಂದು ತೀರ್ಮಾನವಾದ ಮೇಲೆ ಅವನೇ ಮುಂದೆ ನಿಂತು ಜಾಗ ತೋರಿಸಿದ.

ಕಲ್ಲಿಗೂ ಕಲ್ಲಿಗೂ ಎಷ್ಟು ದೂರ ಬಿಡುವುದು ಎಂಬ ಮಾತು ಬಂತು. ಊರಿನ ಗಂಡಸೊಬ್ಬರು ದಾಪುಗಾಲು ಹಾಕಿ ಗುರುತು ಮಾಡಲು ಶುರು ಮಾಡಿದರು. ಅಜ್ಜಿ ಊಟದ ಕುಕ್ಕೆ ಇಳಿಸಿದವಳೇ ಅಡ್ಡ ಬಂದಳು.

"ನಿಮ್ಮ ಹೆಜ್ಜೆಗಲ್ಲ ಕಣ್ರಪ್ಪಾ. ಇಸ್ಕೂಲಿಗೆ ಹೋಗೋದು ನೀವಾ? ಲೇ, ಬಾರೇ ಇಲ್ಲಿ. ಚೀಲ ಹಾಕ್ಕೊಂಡು ನಡಿ. ಓಡ್ಬ್ಯಾಡ."

ನಾನು ಸ್ಲೇಟಿನ ಚೀಲ ಹೆಗಲಿಗೆ ಹಾಕಿಕೊಂಡು, ಊರೆಲ್ಲ ನೋಡುತ್ತಿರಲು, ಮರಳಿನಲ್ಲಿ ಈ ದಡದಿಂದ ಆ ದಡಕ್ಕೆ ನಡೆದೆ. ಹೆಜ್ಜೆ ಮೂಡಿದ ಕಡೆಯೆಲ್ಲ ಒಂದೊಂದು ಗೂಟ ಹೊಡೆದರು. ಗೂಟ ಇದ್ದಲ್ಲಿ ಕಲ್ಲು ನಿಂತಿತು. ಆಮೇಲೆ ಗಂಡಸರೆಲ್ಲ ಆ ಕಲ್ಲುಗಳ ಮೇಲೆ ಹೊಸ ಮದುವಣಗಿತ್ತಿಯ ಹಾಗೆ ಸಣ್ಣ ಹೆಜ್ಜೆ ಹಾಕಿಕೊಂಡು, ಅಜ್ಜಿಯನ್ನು ಬೈದುಕೊಂಡು ದಾಟುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಖುಷಿ.

ಮರುವರ್ಷ ಕೋಡಿ ಬಿದ್ದ ಮಾರನೆಯ ಬೆಳಗ್ಗೆ ನಾವು ಮಕ್ಕಳೆಲ್ಲ ದಡದಲ್ಲಿ ಸಾಲಾಗಿ ನಿಂತೆವು. ಅಜ್ಜಿಯೂ ಬಂದಿದ್ದಳು, ಸೆರಗು ಬಿಗಿಯಾಗಿ ಹೊದ್ದುಕೊಂಡು. ನನ್ನ ಲಂಗ ನೋಡುವುದಕ್ಕೇ ಬಂದಿದ್ದಾಳೆ ಎಂದು ನನಗೆ ಗೊತ್ತಿತ್ತು. ಮೊದಲು ನಾನೇ ಹತ್ತಿದೆ. ಕಾಲು ತಾನಾಗಿ ಕಲ್ಲಿನಿಂದ ಕಲ್ಲಿಗೆ ಹೋಯಿತು. ನಡುನೀರಿಗೆ ಬಂದಾಗ ಸಂದಿಯಲ್ಲಿ ನುಗ್ಗಿದ ನೀರು ಕಲ್ಲಿಗೆ ಬಡಿದು ಹಾರಿ, ಲಂಗದ ಅಂಚು ಪೂರಾ ತೊಯ್ದುಹೋಯಿತು. ನಾನು ಅಲ್ಲೇ ನಿಂತುಬಿಟ್ಟೆ. ತಿರುಗಿ ಅಜ್ಜಿಯನ್ನು ನೋಡಿದೆ. ಅಜ್ಜಿ ಲಂಗ ನೋಡಿದಳು.

"ಏನೇ ನಿಂತ್ಕಂಡೆ? ಬಿಸಿಲೈತೆ, ಒಣಗ್ತದೆ. ನಡಿ, ಗಂಟೆ ಹೊಡ್ದಾರು."

ಆಚೆ ದಡ ಮುಟ್ಟಿ ನೋಡುತ್ತೇನೆ, ಮಕ್ಕಳ ಸಾಲಿನ ಹಿಂದೆ ಅಜ್ಜಿಯೂ ಕಲ್ಲು ಹತ್ತಿ ಬರುತ್ತಿದ್ದಾಳೆ. ಮಂಡಿನೋವಿನ ಮುದುಕಿ, ಎಷ್ಟೋ ವರ್ಷದಿಂದ ಹಳ್ಳದಲ್ಲಿ ನೀರಿದ್ದಾಗ ಈಚೆಗೆ ಬಂದವಳಲ್ಲ. ನನ್ನ ಅಳತೆಗೆ ನೆಟ್ಟ ಕಲ್ಲು ಅವಳ ಹೆಜ್ಜೆಗೂ ಸರಿಯಾಗಿತ್ತು. ಸೆರಗಿನೊಳಗೆ ಏನೋ ಕೊಕ್ ಎಂದಿತು. ಮನೆ ಬಿಡುವಾಗಲೇ ಕಂಕುಳಲ್ಲಿ ಹುಂಜ ಇಟ್ಟುಕೊಂಡು ಹೊರಟಿದ್ದಾಳೆ, ನನ್ನ ಲಂಗ ನೆನೆಯುತ್ತದೋ ಇಲ್ಲವೋ ನೋಡುವುದಕ್ಕೆ ಮೊದಲೇ.

ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಪುಸ್ತಕ ತೆಗೆಯುತ್ತಿದ್ದರು. ಅಜ್ಜಿ ಆವತ್ತಿನವರೆಗೂ ಸ್ಕೂಲಿನ ಒಳಗೆ ಕಾಲಿಟ್ಟವಳಲ್ಲ. ಹೊಸ್ತಿಲಾಚೆಯೇ ನಿಂತು ಹುಂಜವನ್ನು ಮುಂದಕ್ಕೆ ಹಿಡಿದಳು.

"ತಗಳಪ್ಪಾ, ಇದು ನಿಮ್ಮ ಕಡೆ ಕೋಡಿ. ನಮ್ಮ ಕಡೆ ಕೋಡಿನೂ ಬಿದ್ದೈತೆ," ಎಂದಳು. ಆಮೇಲೆ ನಮ್ಮ ಸಾಲಿನ ಕಡೆ ಕೈ ತೋರಿಸಿದಳು. "ಹಾಜ್ರಿ ಕೂಗಿ ಮೇಷ್ಟ್ರೇ. ಹೆಣ್ಮಕ್ಳೂ ಎಲ್ಲಾ ಬಂದವ್ರೆ."