ಕಾಫಿ ಬೇಡವೆಂದ ದಿನ

"ಚೇಚಿ, ಇವತ್ತು ಕಾಫಿ ಬೇಡ. ಇಲ್ಲೇ ಕೂತ್ಕೊಳ್ಳಿ," ಎಂದು ಮಲಯಾಳಿಗಳು ಅಕ್ಕನನ್ನು ಕರೆಯುವಂತೆ ಕರೆಯುತ್ತ ಕೌನ್ಸೆಲರ್ ನನ್ನ ತಂಗಿಯ ಕೈಹಿಡಿದು ಕೂರಿಸಿದಳು.

ತಂಗಿಯ ಗಂಡ ತೀರಿಕೊಂಡ ಮೇಲೆ ಅವರ ಮಗಳು ಮಾತೇ ಬಿಟ್ಟಿದ್ದಳು; ಅವಳಿಗಾಗಿ ಕೌನ್ಸೆಲರ್ ವಾರವಾರವೂ ಕೇರಳದ ತ್ರಿಪ್ಪುಣಿತ್ತುರದ ಅವರ ಮನೆಗೇ ಬರುತ್ತಿದ್ದಳು. ಮನೆಗೆ ಬಂದವರಿಗೆ ಉಪಚಾರ ಮಾಡಬೇಡವೇ ಎಂದು ನಮ್ಮ ತಂಗಿ ಅಷ್ಟು ಹೊತ್ತೂ ಒಲೆಯ ಮುಂದೆಯೇ ಇರುತ್ತಿದ್ದಳು. ಅಂದು ಕೈಗೆ ಕೆಲಸವಿಲ್ಲದೆ ಕೂತವಳಿಗೆ ದುಃಖ ಉಕ್ಕಿ ಬಂತು. ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಮೆಲ್ಲಗೆ ಮಲಯಾಳದಲ್ಲಿ ಅಂದಳು: "ಅಮ್ಮಾ, ನೀನು ಅಪ್ಪನ್ನ ಮರೆತೇಬಿಟ್ಟೆ ಅಂದ್ಕೊಂಡಿದ್ದೆ."

"ನಿನ್ನೆದುರು ಅಳಬಾರದು ಅಂತಿದ್ದೆ ಕಣೇ, ಪುಟ್ಟಿ," ಎಂದಳು ತಂಗಿ.

ಅಳುವವರನ್ನು ಕಂಡರೆ ಸಮಾಧಾನ ಮಾಡಲು ಓಡುವವಳು ನಾನು; ಅಂದು ಬಾಗಿಲಲ್ಲೇ ನಿಂತೆ. ತಂಗಿಯ ಗಂಡ ಆ ಮನೆಯಲ್ಲಿ ನಿಜವಾಗಿ ತೀರಿಕೊಂಡದ್ದು ಅವತ್ತೇ ಅನ್ನಿಸಿತು.