ಕಾಯುವ ಶತ್ರುಗಳು

ಚೌಕಚೌಕದ ರಣರಂಗದಲ್ಲಿ ಒಬ್ಬೊಬ್ಬರನ್ನೇ ಸರಿಸಿ, ಎದುರಾಳಿಗೂ ಸರದಿ ಬಿಟ್ಟು ಆಡುವ ವಿಡಿಯೊ ಆಟಗಳು ಬುದ್ಧಿಯನ್ನು ಚುರುಕು ಮಾಡುತ್ತವಂತೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವನು. ಪುರಾವೆ ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಮೂರು ತಿಂಗಳು ಆಡಿದರೂ ನನ್ನ ಬುದ್ಧಿ ಇದ್ದಲ್ಲೇ ಇತ್ತು. ಆದರೂ ಆಡುತ್ತಿದ್ದೆ. ಏಕೆಂದರೆ ಅಲ್ಲಿ ಶತ್ರು ಕಾಯುತ್ತಾನೆ. ರಾಕ್ಷಸ ಗದೆ ಎತ್ತಿ ನಿಂತಿದ್ದರೂ, ನಾನು ಎದ್ದು ಹೋಗಿ ಟೀ ಕಾಸಿಕೊಂಡು ಬರುವವರೆಗೆ ಹಾಗೇ ನಿಂತಿರುತ್ತಾನೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಯಾವ ಬೆಲ್ಟೂ ನನಗಾಗಿ ನಿಂತದ್ದಿಲ್ಲ.

ಬಾಗಲಗುಂಟೆಯ ಒಂದು ರೂಮಿನಲ್ಲಿ ನಾವಿಬ್ಬರು. ಜೊತೆಗಿರುವ ಗೆಳೆಯ ವಿಜಯಪುರದ ಕಡೆಯವನು, ಅದೇ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ನಾನು ತಪಾಸಣೆ ವಿಭಾಗ. ನನ್ನದು ಬೆಳಗಿನ ಶಿಫ್ಟ್, ಅವನದು ಮಧ್ಯಾಹ್ನದ್ದು. ಎಚ್ಚರವಿದ್ದಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಭಾನುವಾರ ಮಾತ್ರ. ಕೈಯಲ್ಲಿ ಹಿಡಿದು ಆಡುವ ಹಳೇ ಕನ್ಸೋಲ್ ಇಬ್ಬರದೂ. ಒಂದೇ ಆಟವನ್ನು ಬೆಳಿಗ್ಗೆ ಅವನು, ಸಂಜೆ ನಾನು ಮುಂದುವರಿಸುತ್ತಿದ್ದೆವು. ಶಿಫ್ಟ್ ಬದಲಾಗುವಾಗ ಮೆಷೀನಿನ ಸ್ಥಿತಿ ಬರೆದಿಡುವಂತೆ, ಕನ್ಸೋಲಿನ ಕೆಳಗೆ ಚೀಟಿ ಇಡುತ್ತಿದ್ದೆವು. "ಬಿಲ್ಲಿನವಗ ಗಾಯ, ಮುಂದ ಬಿಡಬ್ಯಾಡ." "ಅಜ್ಜಿ ಹುಷಾರು."

ಅಜ್ಜಿ ಎಂದರೆ ನಮ್ಮ ಪಡೆಯಲ್ಲಿ ಎಲ್ಲರ ಗಾಯ ಮಾಯಿಸುವ ಮುದುಕಿ. ಈ ಆಟದಲ್ಲಿ ಸತ್ತವರು ಏಳುವುದಿಲ್ಲ, ಇಟ್ಟ ನಡೆ ಹಿಂದಕ್ಕೆ ಬರುವುದಿಲ್ಲ. ಮೂರು ತಿಂಗಳು ಅವಳನ್ನು ಉಳಿಸಿಕೊಂಡದ್ದೇ ನಾವಿಬ್ಬರೂ ಸೇರಿ ಮಾಡಿದ ಒಂದೇ ಕೆಲಸ.

ಒಂದು ಶುಕ್ರವಾರ ಸುಸ್ತಾಗಿ ಬಂದು, ಎರಡು ನಡೆ ಆಡಿ, "ಎಲ್ಲ ಓಕೆ" ಎಂದು ಗೀಚಿ ಮಲಗಿದೆ. ಶಿಫ್ಟ್ ಪುಸ್ತಕದಲ್ಲಿ ಕೈ ತಾನಾಗಿಯೇ ಬರೆಯುವ ಓಕೆ ಅದು. ಪೊದೆಯ ಹಿಂದೆ ಕತ್ತಿಯವನೊಬ್ಬ ಅಡಗಿದ್ದನ್ನು ನೋಡಿದ್ದೆ, ಬರೆಯಲಿಲ್ಲ. ಮರುದಿನ ಬಂದಾಗ ಚೀಟಿಯಲ್ಲಿ ಎರಡೇ ಪದ: "ಅಜ್ಜಿ ಹೋದ್ಳು."

ಭಾನುವಾರ ಅವನು ಏಳುವ ಹೊತ್ತಿಗೆ ನನ್ನ ವಾದ ಸಿದ್ಧವಿತ್ತು.

"ಮಗಾ, ಅಜ್ಜಿನ ಪೊದೆ ಪಕ್ಕ ನಿಲ್ಸಿದ್ದು ನೀನು. ನಿಲ್ಸೋಕ್ ಮುಂಚೆ ಸುತ್ತ ನೋಡ್ಬೇಕಿತ್ತು."

"ನೀ ಓಕೆ ಅಂತ ಬರದಿದ್ದಿ."

"ಬರೆದಿದ್ದನ್ನೆಲ್ಲ ನಂಬಿಬಿಡ್ತಾರೇನೋ?"

"ಬ್ಯಾರೆ ಯಾರರ ಬರದಿದ್ರ ನೋಡತಿದ್ನಿ, ದೋಸ್ತ. ನೀ ಬರದಿದ್ದಿ, ಅದಕ್ಕ ನೋಡ್ಲಿಲ್ಲ."

 

"ಆ ಕತ್ತಿಯವ್ನು ಅಲ್ಲಿದ್ದಿದ್ದು ನಂಗೆ ಗೊತ್ತಿತ್ತು ಕಣೋ," ಎಂದೆ.

ಅವನು ಸ್ಟವ್ ಮೇಲೆ ಹಾಲಿಟ್ಟ. ಹಾಲು ಉಕ್ಕಿತು. ಒರೆಸಿದ.

"ಮೊದ್ಲಿಂದ ಶುರು ಮಾಡೋಣ್ವಾ?" ಎಂದು ಕೇಳಿದೆ.

"ಮೂರು ತಿಂಗಳಾ? ನನ್ನ ಕೈಲೆ ಆಗೂದಿಲ್ಲಪಾ. ಅಕಿ ಇಲ್ದನ ಹೋಗೂಣು."

ಅಂದು ಮೊದಲ ಸಲ ಇಬ್ಬರೂ ಜೊತೆಗೆ ಕೂತು ಆಡಿದೆವು. ಗಾಯಗೊಂಡ ನಾಲ್ವರು, ಮದ್ದು ಹಾಕುವವರಿಲ್ಲ. ಶತ್ರುಗಳು ಕಾಯುತ್ತಲೇ ಇದ್ದರು.

ಸೋಮವಾರ ಸಂಜೆ ಒಂದೊಂದು ಪೊದೆಯನ್ನೂ ನೋಡಿ ಬರೆದೆ. ಚೀಟಿ ಸಾಲದೆ ಹಿಂಬದಿಗೂ ಹೋಯಿತು. ಮರುದಿನ ಅದರ ಅಂಚಿನಲ್ಲೇ ಉತ್ತರವಿತ್ತು: "ಪರೀಕ್ಷಾ ಬರದಿ ಏನ್ಲೇ? ಓದೂದ್ರಾಗ ಬಸ್ ಹೋತು."