ಮುನಿರತ್ನಮ್ಮನ ಕೊರಮೀನು

ಮುಳಬಾಗಿಲಿನಲ್ಲಿದ್ದಷ್ಟು ಕಾಲ ಮುನಿರತ್ನಮ್ಮ ಕೂತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದು. ಊಟ ನಿಂತೇ, ಜಗಳ ನಿಂತೇ, ನಗುವುದೂ ನಿಂತೇ. ನನ್ನ ಎಸ್‌ಟಿಡಿ ಬೂತಿಗೆ ಫೋನು ಮಾಡಲು ಬಂದರೆ ಅಷ್ಟಗಲದ ಗಾಜಿನ ಗೂಡಿನೊಳಗೇ ಸುತ್ತು ಹಾಕುತ್ತಿದ್ದರು. ರಿಸೀವರಿನ ವೈರು ತಿರುಚಿಕೊಂಡು ಕಿತ್ತೂ ಬಂದಿತ್ತು. "ಕಾಲಿಗೇನು ಇರುವೆ ಕಚ್ತಾ ಇದೆಯಾ?" ಎಂದು ರೇಗಿದೆ. "ಕೂತ್ರೆ ಮನಸ್ಸು ಓಡಾಡ್ತದೆ ಸ್ವಾಮಿ, ಅದಕ್ಕಿಂತ ಕಾಲು ಓಡಾಡೋದು ವಾಸಿ" ಎಂದರು.

ತೊಂಬತ್ತರ ದಶಕದ ಮಾತು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಬೂತು. ಅದೇ ಗೋಡೆಗೆ ಆಚೆ ಕಡೆ ಅವರ ಮೆಸ್ಸು. ಮುದ್ದೆ, ಮೀನಿನ ಸಾರು. ನಾನೋ ಪುರೋಹಿತರ ಮನೆಯ ಹುಟ್ಟು. ಊದುಬತ್ತಿ ಹಚ್ಚಿ ಹಚ್ಚಿ ಸಾಕಾಗಿ, ಕೊನೆಗೆ ಕಟ್ಟಡದ ಮಾಲೀಕನಿಗೆ ದೂರು ಹೇಳಲು ಹೊರಟೆ. ಆ ಮಹಾರಾಯ ಮುನಿರತ್ನಮ್ಮನ ಮೆಸ್ಸಿನಲ್ಲೇ ಸಾರು ಹೀರುತ್ತಾ ಕೂತಿದ್ದ. ಅಲ್ಲಿಗೆ ನನ್ನ ದೂರು ಮುಗಿಯಿತು. ಇವತ್ತಿಗೂ ನಾನು ಮೀನು ಬಾಯಿಗಿಟ್ಟವನಲ್ಲ. ಆದರೆ ಕಾಟ್ಲ ಯಾವುದು, ರೋಹು ಯಾವುದು, ಜಿಲೇಬಿ ಮೀನು ಯಾವುದು ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ಅದು ಮುನಿರತ್ನಮ್ಮ ಕಟ್ಟಿಕೊಟ್ಟ ಪಾಪವೋ ಪುಣ್ಯವೋ ಗೊತ್ತಿಲ್ಲ.

ಅವರಿಗೆ ಮೀನು ಬರುತ್ತಿದ್ದದ್ದು ತಾಯಲೂರು ಕಡೆಯ ಒಂದು ಕೆರೆಯಿಂದ. ಬಲೆ ಹಾಕುತ್ತಿದ್ದವನು ಚೌಡಪ್ಪ. ಕಾಟ್ಲ, ರೋಹುಗಳ ಮರಿ ತಂದು ಬಿಟ್ಟು ಬೆಳೆಸುತ್ತಿದ್ದರು. ಯಾರೂ ಬಿಡದೆ ತಾನಾಗಿ ಹುಟ್ಟಿ ಬೆಳೆಯುತ್ತಿದ್ದದ್ದು ಕೊರಮೀನು. ಮುಳ್ಳು ಕಡಿಮೆ, ರುಚಿ ಜಾಸ್ತಿಯಂತೆ. ಮಳೆ ಬಿದ್ದು ಕೆರೆಗೆ ಹೊಸ ನೀರು ಬಂದ ಮೇಲೆ ಅದರ ಮರಿಗಳು ಕೆಂಪಗೆ ಒಂದೇ ಗುಂಪಾಗಿ ಮೇಲೆ ಆಡುತ್ತವೆ, ದೊಡ್ಡ ಮೀನು ಕೆಳಗೇ ಕಾವಲಿರುತ್ತದೆ. ಹತ್ತಿರ ಏನು ಬಂದರೂ ನುಗ್ಗಿ ಕಚ್ಚುತ್ತದೆಯೇ ಹೊರತು ಮರಿ ಬಿಟ್ಟು ಓಡುವುದಿಲ್ಲ. ಹಾಗಾಗಿ ಗಾಳಕ್ಕೆ ಅದರಷ್ಟು ಸುಲಭದ ಮೀನು ಇನ್ನೊಂದಿಲ್ಲ.

ಒಂದು ಮಳೆಗಾಲ ಚೌಡಪ್ಪ ಅಂಥದೊಂದನ್ನು ತಂದ. ಮುನಿರತ್ನಮ್ಮ ಬೀದಿಗೇ ಇಳಿದರು. "ಪಿಲ್ಲಲ ತಲ್ಲಿನಿ ಪಟ್ಕೊಚ್ಚಿನಾವಾ?" ಮಕ್ಕಳ ತಾಯಿಯನ್ನು ಹಿಡಿದು ತಂದೆಯಾ ಎಂದು ತೆಲುಗಿನಲ್ಲಿ ಉಗಿದ ಉಗಿತಕ್ಕೆ ಬಸ್ಸಿಗೆ ಹೊರಟವರೆಲ್ಲ ನಿಂತು ನೋಡಿದರು. ಅವತ್ತಿನಿಂದ ಮರಿಗಳು ದೊಡ್ಡವಾಗುವವರೆಗೂ ಮೆಸ್ಸಿನಲ್ಲಿ ಕೊರಮೀನು ಬಂದ್. ಕೇಳಿದವರಿಗೆ ಅವರೆಕಾಳಿನ ಸಾರು. ಮುಖ ಗಂಟಿಕ್ಕಿ ಎದ್ದು ಹೋಗುತ್ತಿದ್ದ ಗಿರಾಕಿಗಳನ್ನು ಮೆಟ್ಟಿಲ ಮೇಲೆ ತಡೆದು, ಕೊರಮೀನಿನ ಬಾಣಂತನದ ಬಗ್ಗೆ ಭಾಷಣ ಬಿಗಿದವನು ನಾನು. ನಮ್ಮ ತಂದೆ ನೋಡಿದ್ದರೆ ಜನಿವಾರ ಕಿತ್ತುಕೊಳ್ಳುತ್ತಿದ್ದರು.

ಇಂಥ ಹೆಂಗಸೇ ಎಡವಿದ್ದು. ಹಿಂದೆ ಅದೇ ಕೆರೆಯಲ್ಲಿ ನಾಟಿ ಮೀಸೆಮೀನು ಇತ್ತಂತೆ. ಅದು ಮತ್ತೆ ಬರಬೇಕೆಂಬುದು ಅವರ ಹಂಬಲ. ಯಾವನೋ ಒಬ್ಬ ವ್ಯಾನಿನಲ್ಲಿ ಬಂದು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿದ್ದ ಮರಿ ತೋರಿಸಿ "ನಾಟಿದೇ ಅಮ್ಮಾ" ಎಂದ. ಮರಿಯಲ್ಲಿ ಎಲ್ಲಾ ಮೀಸೆಮೀನೂ ಒಂದೇ ಥರ. ಮುನಿರತ್ನಮ್ಮ ತಾವೇ ನೀರಿಗಿಳಿದು, ಸೀರೆ ನೆನೆಸಿಕೊಂಡು, ಚೀಲ ಬಿಚ್ಚಿ ಬಿಟ್ಟರು. ಅವತ್ತಿನ ಅವರ ಸಂತೋಷ ಕಂಡು ನನಗೂ ಸಂತೋಷವಾಗಿತ್ತು.

ಮುಂದಿನ ವರ್ಷ ಚೌಡಪ್ಪ ತೋಳುದ್ದದ ಒಂದು ಮೀಸೆಮೀನನ್ನು ಮೆಸ್ಸಿನ ಹಿತ್ತಲಲ್ಲಿ ಹಾಕಿದ. ಮುನಿರತ್ನಮ್ಮ ಹೊಟ್ಟೆ ಸೀಳಿದರು. ಒಳಗೆ ಕೊರಮೀನಿನ ಮರಿಗಳು, ಇನ್ನೂ ಕೆಂಪು ಮಾಸಿರಲಿಲ್ಲ. ಬಿಟ್ಟದ್ದು ನಾಟಿಯಲ್ಲ, ಹೊರದೇಶದ ತಳಿ. ಸಿಕ್ಕಿದ್ದನ್ನೆಲ್ಲಾ ನುಂಗುವ ಜಾತಿ. ಅವರು ಕುಡುಗೋಲನ್ನು ಕೆಳಗಿಟ್ಟು ಕಲ್ಲಿನ ಮೇಲೆ ಕೂತರು. ನಾನು ನೋಡಿದ ಒಂದು ಸಲ ಅದೇ. "ನಾನೇ ಬಿಟ್ಟೆ ಸ್ವಾಮಿ, ಈ ಕೈಯಾಗೇ ಬಿಟ್ಟೆ" ಎಂದರು.

ಆಮೇಲೆ ಅವರ ಕಾಲು ನಿಲ್ಲಲೇ ಇಲ್ಲ. ಬೆಳಗಿನ ಮೊದಲ ಬಸ್ಸಿಗೆ ಕೆರೆಗೆ, ಊಟದ ಹೊತ್ತಿಗೆ ಮೆಸ್ಸಿಗೆ. ಸಿಕ್ಕ ಕೊರಮೀನನ್ನೆಲ್ಲಾ ಜೀವಂತ ತಂದು ಹಿತ್ತಲಿನ ತೊಟ್ಟಿಯಲ್ಲಿ ಸಾಕಿದರು. ಮೀಸೆಮೀನನ್ನೆಲ್ಲಾ ಸಾರಿಗೆ ಹಾಕಿದರು. ಕೆಸರು ವಾಸನೆ ಎಂದು ಗಿರಾಕಿಗಳು ಗೊಣಗಿದರು. "ತಿಂದು ಮುಗಿಸ್ರಪ್ಪಾ, ಪುಣ್ಯ ಬರ್ತದೆ" ಎಂದು ಗದರಿಸಿ ಬಡಿಸುತ್ತಿದ್ದರು. ಜನ ಕಡಿಮೆಯಾದರು. ಮದುವೆ ಮನೆಯವರೊಬ್ಬರು ತೊಟ್ಟಿಯ ಮೀನಿಗೆ ಬಾಯಿಗೆ ಬಂದ ಬೆಲೆ ಹೇಳಿದರೂ ಕೊಡಲಿಲ್ಲ. ಒಂದು ಬೇಸಿಗೆ ಕೆರೆ ಪೂರ್ತಿ ಒಣಗಿತು. ಊರೆಲ್ಲಾ ಅಯ್ಯೋ ಎನ್ನುತ್ತಿದ್ದರೆ ಇವರು ಚೌಡಪ್ಪನ ಜೊತೆ ಕೆಸರಿಗಿಳಿದು, ಹುದುಗಿದ್ದ ಮೀಸೆಮೀನುಗಳನ್ನು ಎಳೆದೆಳೆದು ತೆಗೆದರು. ಮಳೆ ಬಂದು ನೀರು ನಿಂತ ಮೇಲೆ ತೊಟ್ಟಿಯ ಕೊರಮೀನುಗಳನ್ನು ಕೆರೆಗೆ ಬಿಟ್ಟರು.

ಕೆಸರಿನಲ್ಲಿ ಅವರ ಕಾಲಿಗೆ ತಾಕಿದ ಮುಳ್ಳಿನ ಗಾಯ, ಜೊತೆಗೆ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ. ಮಗಳು ಬಂದು ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದಳು, ಮೆಸ್ಸು ಮುಚ್ಚಿತು. ನನ್ನ ಬೂತೂ ಅಷ್ಟರಲ್ಲಿ ಜೆರಾಕ್ಸ್ ಅಂಗಡಿಯಾಗಿತ್ತು. ಮುಂದಿನ ಮಳೆಗಾಲ ಅವರ ಫೋನು ಬಂತು.

"ಸ್ವಾಮಿ, ಕೆರೆತಾವ್ ಹೋಗಿ ಮರಿ ಐತಾ ನೋಡ್ಕೊಂಡ್ ಬನ್ನಿ."

"ಚೌಡಪ್ಪನ್ನ ಕಳಿಸ್ಬಾರ್ದಾ?"

"ಅವನು ಕಂಡ್ರೆ ಗಾಳ ಹಾಕ್ದೆ ಬಿಡಲ್ಲ. ನೀವಾದ್ರೆ ತಿನ್ನಲ್ವಲ್ಲ!"

ಹೋದೆ. ಕೆರೆಯ ಏರಿ ಮೇಲೆ ಛತ್ರಿ ಹಿಡಿದು ಅಲೆದೆ. ಜೊಂಡಿನ ಪಕ್ಕದಲ್ಲಿ ನೀರು ಕೆಂಪಗೆ ಕದಡಿದಂತೆ ಕಂಡಿತು. ಬಗ್ಗಿ ಛತ್ರಿಯ ತುದಿಯನ್ನು ನೀರಿಗೆ ಚಾಚಿದೆ. ಕೆಳಗಿನಿಂದ ಕಪ್ಪಗಿನದೇನೋ ಬಂದು ಹೊಡೆದ ರಭಸಕ್ಕೆ ಛತ್ರಿ ಕೈ ಜಾರಿ ಕೆರೆಯ ಪಾಲಾಯಿತು. ನೆನೆದುಕೊಂಡೇ ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಮಂಚದ ಮೇಲೆ ಕಾಲು ಚಾಚಿದ್ದರು, ದಪ್ಪ ಬ್ಯಾಂಡೇಜು. ನಾನು ಹೇಳಿದ್ದನ್ನು ನಂಬಲಿಲ್ಲ. "ಸೊಪ್ಪು ತಿನ್ನೋ ನಿಮ್ಗೇನ್ ಕಾಣ್ತದೆ ಸ್ವಾಮಿ, ಪಾಚಿ ನೋಡಿರ್ತೀರ" ಎಂದರು. ಛತ್ರಿಯ ವಿಷಯ ಹೇಳಿದೆ. ಬ್ಯಾಂಡೇಜಿನ ಆಚೆ ಕಾಲ್ಬೆರಳುಗಳು ಆಡತೊಡಗಿದವು. ನನ್ನ ಕೈ ಹಿಡಿದುಕೊಂಡು, "ಯಾವ ಮೂಲೆ ಅಂತ ಯಾರಿಗೂ ಹೇಳ್ಬೇಡಿ" ಎಂದರು.

ಆ ವರ್ಷವೇ ಹೋಗಿಬಿಟ್ಟರು. ಅವರ ಕಾಲಿನ ಚಡಪಡಿಕೆ ಈಗ ನನಗೆ ಅಂಟಿದೆ; ಮಳೆ ಹನಿದರೆ ಅಂಗಡಿಯಲ್ಲಿ ಕೂರಲಾಗುವುದಿಲ್ಲ. ತಾಯಲೂರು ಕಡೆ ಕೆರೆಗಳು ಬೇಕಾದಷ್ಟಿವೆ. ಅದು ಯಾವ ಕೆರೆ ಎಂದು ಚೌಡಪ್ಪನಿಗೂ ಗೊತ್ತು, ಯಾವ ಮೂಲೆ ಎಂದು ನನಗೊಬ್ಬನಿಗೇ ಗೊತ್ತು. ಎರಡನ್ನೂ ನಾನು ಇಲ್ಲಿ ಬರೆಯುವುದಿಲ್ಲ.